ಬಾಯಿ ತುಂಬ ನೀರು

ಹೊರಡಲು ಸಿದ್ಧವಾಗಿ ನಿಂತಿದ್ದ ನಮ್ಮ ಮನೆಯ ಕಾರಿನ ಹಿಂದಿನ ಎಡಗಾಲಿಯಲ್ಲಿ ಸದ್ದು ಬರುತ್ತಿದೆ ಎಂದು ನಾನು ಹೇಳಿದೆ. ಆ ಗಾಲಿಯನ್ನು ಯಾರೂ ಬಿಚ್ಚಿ ನೋಡಲಿಲ್ಲ. ಅದೇ ದಿನ ಜಗಳೂರಿನ ಹತ್ತಿರ ಆ ಗಾಲಿ ಕಳಚಿ ಹೋಯಿತು. ಕಾರಿನಲ್ಲಿದ್ದ ನನ್ನ ಸೋದರತ್ತೆಯ ತೊಡೆಯ ಮೂಳೆ ಮುರಿಯಿತು. ಈ ಹುಡುಗಿ ಮೊದಲೇ ಎಚ್ಚರಿಸಿದ್ದಳು ಎಂದು ನನ್ನ ಮನೆಯವರು ಹೇಳಲಿಲ್ಲ. ಇವಳು ಬಾಯಿಬಿಟ್ಟದ್ದರಿಂದಲೇ ಗಾಲಿ ಕಳಚಿತು ಎಂದರು. ನನ್ನ ನಾಲಿಗೆಯ ಮೇಲೆ ಒಂದು ಕರಿ ಮಚ್ಚೆಯಿದೆ. ಅವರಿಗೆ ಅಷ್ಟು ಸಾಕ್ಷಿ ಸಾಕಾಯಿತು. ಆಗ ನನಗೆ ಎಂಟು ತುಂಬಿತ್ತು. ಈಗ ಎಪ್ಪತ್ತರ ಹತ್ತಿರಕ್ಕೆ ಬಂದಿದ್ದೇನೆ. ಈ ನಡುವೆ ಆ ಮನೆಯಲ್ಲಿ ಹುಟ್ಟಿದವರು, ಸತ್ತವರು, ಪಾಲಾಗಿ ಹೋದವರು ಎಷ್ಟೋ ಜನ. ಆ ಮಾತು ತಪ್ಪು ಎಂದು ಒಬ್ಬರೂ ನನ್ನೆದುರು ಹೇಳಿರಲಿಲ್ಲ.

ಹೊನ್ನಾಳಿಯಲ್ಲಿದ್ದ ನಮ್ಮ ಮನೆ ಹಳೆಯ ಕಾಲದ ರೈತರ ಮನೆ. ಬೀದಿಯ ಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನದ ಕೊಟ್ಟಿಗೆ, ಅದಕ್ಕೆ ಅಂಟಿಕೊಂಡಂತೆ ಎತ್ತರದ ಕಟ್ಟೆಯ ಮೇಲೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಹಿತ್ತಲು. ದನ ಮತ್ತು ಜನ ಒಂದೇ ಬಾಗಿಲಿನಿಂದ ಓಡಾಡುತ್ತಿದ್ದ ಮನೆ ಅದು. ನಾನು ತೀರ ಚಿಕ್ಕವಳಿದ್ದಾಗ ದೊಡ್ಡಪ್ಪ ಎತ್ತುಗಳನ್ನು ಮಾರಿ, ಬಾಡಿಗೆಗೆ ಓಡಿಸಲೆಂದು ಹಳೆಯದೊಂದು ಕರಿ ಕಾರನ್ನು ಕೊಂಡರಂತೆ. ಅದನ್ನು ಬೀದಿಯಲ್ಲಿ ನಿಲ್ಲಿಸಲು ಅಜ್ಜಿ ಒಪ್ಪಲಿಲ್ಲ. ಎತ್ತು ನಿಂತ ಜಾಗದಲ್ಲೇ ಅದೂ ನಿಲ್ಲಬೇಕೆಂದು ಹಟ ಹಿಡಿದಳು. ಬಾಗಿಲಿನ ಚೌಕಟ್ಟು ಕಿತ್ತು, ಗೋಡೆ ಒಡೆದು, ಹೊಸಲಿಗೆ ಇಳಿಜಾರು ಹಾಕಿ ಕಾರನ್ನು ಮನೆಯೊಳಕ್ಕೆ ತಂದರು. ಗೋದಲಿಯನ್ನು ಮಾತ್ರ ಹಾಗೆಯೇ ಬಿಟ್ಟರು. ಹುಲ್ಲು ಹಾಕುತ್ತಿದ್ದ ಆ ಕಲ್ಲಿನ ತೊಟ್ಟಿಯಲ್ಲಿ ನಟ್ಟು ಬಿಗಿಯುವ ಪಾನ, ಜಾಕು, ಎಣ್ಣೆಯ ಡಬ್ಬಿಗಳು ಸೇರಿಕೊಂಡವು. ಮಕ್ಕಳು ಮಲಗುತ್ತಿದ್ದದ್ದು ಪಡಸಾಲೆಯ ಅಂಚಿನಲ್ಲಿ, ಕಾರಿನ ಮಾಡಿನ ಮಟ್ಟಕ್ಕೆ. ಬೇರೆ ಮನೆಯ ಮಕ್ಕಳು ದನ ಮೆಲುಕು ಹಾಕುವ ಸದ್ದಿಗೆ ನಿದ್ದೆ ಹೋಗುತ್ತಿದ್ದರೆ ನಾವು ಕಾದ ಕಬ್ಬಿಣ ತಣ್ಣಗಾಗುವ ಟಿಕ್ ಟಿಕ್ ಸದ್ದಿಗೆ ನಿದ್ದೆ ಹೋಗುತ್ತಿದ್ದೆವು.

ಸದ್ದನ್ನು ಸದ್ದಿನಿಂದ ಬೇರೆ ಮಾಡುವುದು ನನಗೆ ಕಾರಿನಿಂದ ಬಂದದ್ದಲ್ಲ, ಅಡುಗೆಮನೆಯಿಂದ ಬಂದದ್ದು. ಅವ್ವ ಮತ್ತು ದೊಡ್ಡವ್ವ ದಿನ ಬಿಟ್ಟು ದಿನ ರೊಟ್ಟಿ ಬಡಿಯುತ್ತಿದ್ದರು. ಅವ್ವನ ಬಡಿತ ಒಂದೇ ಸಮ, ನಡುವೆ ಕಲ್ಲು ತಿರುವಿದಂತೆ ಸಣ್ಣ ಎಳೆತ. ದೊಡ್ಡವ್ವನದು ಎರಡು ಗಟ್ಟಿ, ಒಂದು ಮೆತ್ತಗೆ. ಅವಳ ಬಲಗೈಯ ಹೆಬ್ಬೆರಳು ಸರಿಯಾಗಿ ಮಡಚುತ್ತಿರಲಿಲ್ಲ. ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದರೂ ಈ ಹೊತ್ತಿನ ರೊಟ್ಟಿ ಯಾರದ್ದೆಂದು ಹೇಳುತ್ತಿದ್ದೆ. ಹಿಟ್ಟು ಬಿಗಿಯಾಗಿದ್ದರೆ ಬಡಿತದ ಸದ್ದು ಬದಲಾಗುತ್ತಿತ್ತು, ಅದೂ ತಿಳಿಯುತ್ತಿತ್ತು. ರೊಟ್ಟಿ ಬಿರುಸಾದ ದಿನ ದೊಡ್ಡಪ್ಪ ತಟ್ಟೆ ತಳ್ಳುವರೆಂದು ಮೊದಲೇ ಅವ್ವನಿಗೆ ಹೇಳಿ ಬೈಸಿಕೊಂಡದ್ದುಂಟು. ಹೇಳಿದ್ದು ನಿಜವಾದಾಗ ಬೈಸಿಕೊಳ್ಳುವುದು ಆ ಮನೆಯಲ್ಲಿ ನನಗೆ ಆಗಲೇ ಅಭ್ಯಾಸವಾಗಿತ್ತು.

ಮನೆಯ ಯಜಮಾನಿಕೆ ದೊಡ್ಡಪ್ಪನದು. ಬಾಡಿಗೆ ಒಪ್ಪಿಕೊಳ್ಳುವವರು ಅವರು, ಓಡಿಸುವವನು ನನ್ನಪ್ಪ. ದೊಡ್ಡಪ್ಪ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ಅಪ್ಪನ ಬಟ್ಟೆಗೆ ಸದಾ ಎಣ್ಣೆಯ ಕಲೆ. ಅಣ್ಣ ಕರೆದರೆ ಅಪ್ಪ ಊಟದ ತಟ್ಟೆಯಿಂದ ಏಳುತ್ತಿದ್ದ. ಅಣ್ಣ ಇರುವಲ್ಲಿ ಅವನು ಕೂತದ್ದನ್ನು ನಾನು ನೋಡಿದ ನೆನಪಿಲ್ಲ. ಅಪ್ಪನ ಕಿವಿ ಚಿಕ್ಕ ವಯಸ್ಸಿನಲ್ಲೇ ಮಂದವಾಗಿತ್ತು. ಎದುರು ನಿಂತು ಮಾತನಾಡಿದರೆ ಕೇಳುತ್ತಿತ್ತು. ಸಣ್ಣ ಸದ್ದುಗಳು ಅವನನ್ನು ತಲುಪುತ್ತಿರಲಿಲ್ಲ. ಇದನ್ನು ಹೊರಗಿನವರಿಗೆ ಹೇಳುವಂತಿರಲಿಲ್ಲ, ಕಿವುಡನ ಕಾರನ್ನು ಯಾರು ಬಾಡಿಗೆಗೆ ಕರೆಯುತ್ತಾರೆ? ಆದ್ದರಿಂದ ಕಾರು ತೊಳೆಯಲು ಹೊಳೆಗೆ ಹೋಗುವಾಗ ಅಪ್ಪ ನನ್ನನ್ನು ಜೊತೆಗೆ ಕೂರಿಸಿಕೊಳ್ಳುತ್ತಿದ್ದ. ಏನಾದರೂ ಹೊಸ ಸದ್ದು ಬಂದರೆ ಹೇಳು ಎನ್ನುತ್ತಿದ್ದ. ಫ್ಯಾನ್ ಬೆಲ್ಟು ಸಡಿಲವಾದಾಗ ಕೀರಲು, ಬ್ರೇಕು ಸವೆದಾಗ ಕರಕರ, ಹಿಂದಿನ ಕಮಾನು ಪಟ್ಟಿ ಒಣಗಿದಾಗ ತೊಟ್ಟಿಲು ತೂಗಿದಂಥ ಸದ್ದು. ನಾನು ಹೇಳುತ್ತಿದ್ದೆ, ಅವನು ಸರಿಪಡಿಸುತ್ತಿದ್ದ. ಅಲ್ಲಿಯವರೆಗೆ ನನ್ನ ನಾಲಿಗೆಯ ಮಚ್ಚೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನನ್ನ ಸೋದರತ್ತೆ ಗಿರಿಜತ್ತೆಯನ್ನು ಜಗಳೂರು ಸೀಮೆಯ ಸೊಕ್ಕೆಗೆ ಕೊಟ್ಟಿದ್ದರು. ಅವರು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು, ಗಂಡುಮಗು ಹೆತ್ತು, ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡುವ ದಿನ ಬಂತು. ಹಿಂದಿನ ಸಂಜೆ ಅಪರೂಪಕ್ಕೆ ದೊಡ್ಡಪ್ಪನೇ ಕಾರನ್ನು ಚನ್ನಗಿರಿಗೆ ಓಡಿಸಿಕೊಂಡು ಹೋಗಿದ್ದರು. ಬರುವಾಗ ದಾರಿಯಲ್ಲಿ ಹಿಂದಿನ ಎಡಗಾಲಿಯ ಗಾಳಿ ಹೋಯಿತಂತೆ. ಒಬ್ಬರೇ ಜಾಕು ಹಾಕಿ, ಬೇರೆ ಗಾಲಿ ಕೂರಿಸಿ, ಪಂಚೆಗೆ ಒಂದು ಹನಿ ಮಸಿ ತಾಗದಂತೆ ಮನೆಗೆ ಬಂದದ್ದನ್ನು ಊಟಕ್ಕೆ ಕುಳಿತಾಗ ಅವರು ಹೇಳಿಕೊಂಡರು. ಅಪ್ಪ ಗೋಡೆಗೆ ಒರಗಿ ನಿಂತು ಕೇಳಿದ. ದೊಡ್ಡವ್ವ ಅವರ ತಟ್ಟೆಗೆ ಇನ್ನೊಂದು ಮಿಳ್ಳೆ ತುಪ್ಪ ಬಿಟ್ಟಳು. ಆ ಊಟವನ್ನು ನಾನು ಮರೆತಿಲ್ಲ. ಗಾಲಿ ಕೂರಿಸಿದವರು ಯಾರೆಂದು ಆ ಮನೆಯ ಎಲ್ಲರಿಗೂ ಗೊತ್ತಿತ್ತು.

ಮಾರನೆಯ ಬೆಳಗ್ಗೆ ಅಪ್ಪನ ಜೊತೆ ಕಾರು ತೊಳೆಯಲು ಹೊಳೆಗೆ ಹೋದೆ. ಓಣಿಯಲ್ಲಿ ಮೆಲ್ಲಗೆ ಹೋಗುವಾಗ ಹಿಂದಿನಿಂದ ಕಟಕ್, ಕಟಕ್ ಎಂದು ಕೇಳಿಸಿತು. ಹಿತ್ತಾಳೆಯ ಡಬ್ಬಿಯಲ್ಲಿ ಅಡಿಕೆ ಹಾಕಿ ಉರುಳಿಸಿದ ಹಾಗೆ. ದೊಡ್ಡ ರಸ್ತೆಗೆ ಬಂದು ವೇಗ ಹೆಚ್ಚಿದಾಗ ಸದ್ದು ನಿಂತಿತು. ಇಳಿಜಾರಿನಲ್ಲಿ ವೇಗ ತಗ್ಗಿದಾಗ ಮತ್ತೆ ಬಂತು. ಗಾಲಿಯ ಮೇಲೆ ಹೊಳೆಯುವ ಒಂದು ತಟ್ಟೆ ಇರುತ್ತದೆ. ಗಾಲಿಯನ್ನು ಬಿಗಿದ ನಟ್ಟುಗಳು ಅದರ ಹಿಂದೆ ಮುಚ್ಚಿಹೋಗಿರುತ್ತವೆ. ಆ ತಟ್ಟೆಯೊಳಗೆ ಏನೋ ಬಿದ್ದಿದೆ, ಮೆಲ್ಲಗೆ ಹೋಗುವಾಗ ಉರುಳುತ್ತದೆ, ಜೋರಾಗಿ ತಿರುಗಿದಾಗ ಅಂಚಿಗೆ ಅಂಟಿಕೊಂಡು ಸುಮ್ಮನಾಗುತ್ತದೆ ಎಂದು ನನಗೆ ತಿಳಿಯಿತು. ಅಜ್ಜಿ ಮಜ್ಜಿಗೆ ಕಡೆಯುವ ಗಡಿಗೆಯಲ್ಲೂ ಹಾಗೆಯೇ. ಜೋರಾಗಿ ತಿರುಗಿದ ಮಜ್ಜಿಗೆ ಅಂಚಿಗೆ ಏರಿ ನಿಲ್ಲುತ್ತದೆ. ಅಪ್ಪನಿಗೆ ಹೇಳಿದೆ. ಮನೆಗೆ ಹೋಗಿ ನೋಡೋಣ ಎಂದ.

ಮನೆಗೆ ಬರುವಷ್ಟರಲ್ಲಿ ಪೂಜೆಯ ತಟ್ಟೆ ಸಿದ್ಧವಾಗಿತ್ತು. ದೂರದ ಪಯಣಕ್ಕೆ ಮುಂಚೆ ಎತ್ತಿನ ಗಾಡಿಗೆ ಮಾಡುತ್ತಿದ್ದ ಪೂಜೆಯನ್ನೇ ಅಜ್ಜಿ ಕಾರಿಗೂ ಮಾಡುತ್ತಿದ್ದಳು. ನಾಲ್ಕೂ ಗಾಲಿಗಳಿಗೆ ವಿಭೂತಿ, ಅರಿಶಿನ, ಕುಂಕುಮ. ಮುಂದಿನ ಗಾಲಿಗಳ ಕೆಳಗೆ ನಿಂಬೆಹಣ್ಣು. ಅವಳದೊಂದು ಕಟ್ಟಳೆ ಇತ್ತು. ಪೂಜೆಯಾದ ಗಾಲಿಗೆ ಹೋದವರು ಊರು ಮುಟ್ಟುವ ತನಕ ಪಾನ ಮುಟ್ಟಿಸಬಾರದು. ಕುಂಕುಮ ಇಟ್ಟ ಗಾಲಿಯನ್ನು ಬಿಚ್ಚುವುದೆಂದರೆ ಎಡೆ ಇಟ್ಟ ದೇವರ ಮುಂದಿನಿಂದ ತಟ್ಟೆ ಎಳೆದುಕೊಂಡಂತೆ ಎನ್ನುತ್ತಿದ್ದಳು. ಅಪ್ಪ ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಕುಂಕುಮ ಇಟ್ಟು ಮುಗಿದಿತ್ತು. ಗಿರಿಜತ್ತೆಯ ಮಡಿಲು ತುಂಬಿ, ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟು ಕಾರಿನಲ್ಲಿ ಕೂರಿಸಿದರು. ಅವರು ಕೂತದ್ದು ಹಿಂದೆ, ಎಡಗಡೆಗೆ. ಪಕ್ಕದಲ್ಲಿ ದೊಡ್ಡವ್ವ, ಮುಂದೆ ದೊಡ್ಡಪ್ಪ. ಬೀದಿಯ ಹೆಂಗಸರು ಬಾಗಿಲಲ್ಲಿ ನೆರೆದಿದ್ದರು. ಅಪ್ಪ ಮರೆತಿದ್ದಾನೆಂದು ನನಗೆ ಅನ್ನಿಸಿತು. ಎಲ್ಲರ ಎದುರಿಗೇ ಹೇಳಿದೆ.

"ಅಪ್ಪ, ಹಿಂದಿನ ಎಡಗಾಲಿ ತಟ್ಟೆಯಾಗೆ ಏನೋ ಉರುಳಾಡ್ತೈತೆ. ಬಿಚ್ಚಿ ನೋಡಪ್ಪ."

ಅಪ್ಪ ಗೋದಲಿಯ ಕಡೆ ತಿರುಗಿ ಪಾನಕ್ಕೆ ಕೈ ಹಾಕಿದ. ದೊಡ್ಡಪ್ಪ ಕಾರಿನೊಳಗಿನಿಂದಲೇ ಮಾತನಾಡಿದರು.

"ಟೈರಿನಾಗೆ ಕಲ್ಲು ಸಿಕ್ಕಿರ್ತೈತೆ. ಪೂಜೆ ಆದ ಗಾಲಿಗೆ ಪಾನ ಹಚ್ಚಾಕೆ ಹೋಗ್ತೀಯೇನೋ? ಹೊತ್ತು ಮೀರ್ತೈತೆ, ಹತ್ತು."

"ಕಲ್ಲಲ್ಲ ದೊಡ್ಡಪ್ಪ. ಕಲ್ಲಾದ್ರೆ ಜೋರು ಹೋದಂಗೆ ಸದ್ದೂ ಜೋರಾಗ್ತೈತೆ. ಇದು ಜೋರು ಹೋದ್ರೆ ನಿಂತೋಗ್ತೈತೆ."

ಅಜ್ಜಿಯ ಕೈಯಲ್ಲಿ ಆರತಿಯ ತಟ್ಟೆ ಇತ್ತು. ಅವಳು ನನ್ನ ಕಡೆ ತಿರುಗಿಯೂ ನೋಡದೆ ಹೇಳಿದಳು.

"ಹೊಂಟೋರ ಮುಂದೆ ನಿಂತೋಗ್ತೈತೆ ಅಂತಾರೇನೇ? ಬಾಯಿ ಮುಚ್ಚು."

ಅಪ್ಪ ಪಾನವನ್ನು ಗೋದಲಿಯಲ್ಲಿ ಹಿಂದಕ್ಕಿಟ್ಟ. ಕಾರು ನಿಂಬೆಹಣ್ಣುಗಳನ್ನು ಜಜ್ಜಿಕೊಂಡು ಹೊಸಲಿನ ಇಳಿಜಾರು ಇಳಿಯಿತು. ಓಣಿಯ ತಿರುವಿನ ತನಕ ಆ ಕಟಕ್ ಕಟಕ್ ನನಗೆ ಕೇಳಿಸುತ್ತಿತ್ತು. ಬೀದಿಯ ಹೆಂಗಸರು ಚೆನ್ನಾಗಿ ಹೋಗಿ ಬರಲಿ ಎಂದು ಹೇಳಿ ಮನೆಗಳಿಗೆ ಹೋದರು.

ಸುದ್ದಿ ತಂದದ್ದು ಆ ಕಡೆಯಿಂದ ಬಂದ ಒಂದು ಲಾರಿಯವನು. ಜಗಳೂರು ಇನ್ನೇನು ಬಂತು ಎನ್ನುವಾಗ ಗಾಲಿ ಕಳಚಿ ಕಾರಿಗಿಂತ ಮುಂದೆ ಉರುಳಿ ಹೋಯಿತಂತೆ. ಕಾರು ಎಡಕ್ಕೆ ಕುಸಿದು ರಸ್ತೆ ಬಿಟ್ಟು ಹೊಲದ ಬದುವಿಗೆ ಗುದ್ದಿತಂತೆ. ಬಾಗಿಲು ತೆರೆದುಕೊಂಡು ಗಿರಿಜತ್ತೆ ಹೊರಗೆ ಬಿದ್ದಿದ್ದರು. ಮಗು ದೊಡ್ಡವ್ವನ ತೊಡೆಯ ಮೇಲಿದ್ದದ್ದರಿಂದ ಉಳಿಯಿತು. ಅತ್ತೆಯನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದ. ಅಜ್ಜಿ ಎದೆ ಬಡಿದುಕೊಂಡಳು. ನಾನು ಏನು ಮಾಡಿದೆ ಎಂದು ಕೇಳಿದರೆ, ಏನೂ ಮಾಡಲಿಲ್ಲ. ಕಾರಿಲ್ಲದ ಖಾಲಿ ಕೊಟ್ಟಿಗೆಯನ್ನು ನೋಡುತ್ತ ಪಡಸಾಲೆಯ ಅಂಚಿನಲ್ಲಿ ಕುಳಿತಿದ್ದೆ. ಮೈಯೆಲ್ಲ ಜೋಮು ಹಿಡಿದಂತಿತ್ತು. ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಆ ಜೋಮು ಪೂರ್ತಿ ಬಿಟ್ಟಿದೆ ಎಂದು ಈಗಲೂ ಹೇಳಲಾರೆ.

ದೊಡ್ಡಪ್ಪ ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದರು. ಅಪ್ಪ ಕಾರಿನ ಬಳಿಯೇ ಉಳಿದು ಗಾಲಿ ಹುಡುಕಿಸಿ, ಆಸ್ಪತ್ರೆಗೆ ಹೋಗಿ, ಆಮೇಲೆ ಬಂದ. ಅವನು ಬಚ್ಚಲ ಕಲ್ಲಿನ ಮೇಲೆ ಕಾಲು ತೊಳೆಯುತ್ತಿದ್ದಾಗಲೇ ದೊಡ್ಡಪ್ಪ ಪಡಸಾಲೆಯಲ್ಲಿ ಬಂದವರಿಗೆಲ್ಲ ಹೇಳುತ್ತಿದ್ದರು.

"ನಾನು ಬ್ಯಾಡ ಬ್ಯಾಡ ಅಂದ್ರೂ ಹೊಂಟ ಗಳಿಗೇಲಿ ಬಾಯಿ ಬಿಟ್ಲು. ಅವಳು ಅಂದಂಗೇ ಆತು."

ಅಜ್ಜಿ ನನ್ನನ್ನು ರಟ್ಟೆ ಹಿಡಿದು ಬೀದಿಯ ಬಾಗಿಲಿಗೆ, ಬಿಸಿಲಿಗೆ ಎಳೆದುಕೊಂಡು ಹೋದಳು. ನಾಲಿಗೆ ಚಾಚು ಎಂದಳು. ಚಾಚಿದೆ. ಮಚ್ಚೆ ಸಿಕ್ಕಿತು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿದರು. ಒಬ್ಬಳು ತನ್ನ ಮಗುವಿನ ಕಣ್ಣಿಗೆ ಸೆರಗು ಅಡ್ಡ ಹಿಡಿದಳು. ಆ ಹೆಂಗಸರ ಮನೆಗಳು ಯಾವುವು, ಯಾರು ಯಾವ ಮಾತು ಆಡಿದರು ಎಂದು ಇವತ್ತು ಕೇಳಿದರೂ ಹೇಳಬಲ್ಲೆ. ಅಪ್ಪ ಕಾಲು ತೊಳೆದು ಒಳಗೆ ಬಂದ. ನನ್ನ ಪಕ್ಕದಲ್ಲೇ ಹಾದು ಹೋದ. ಅಣ್ಣನ ಮಾತಿಗೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

ಆಮೇಲೆ ಉಪಾಯಗಳು ಶುರುವಾದವು. ಪ್ರತಿ ಅಮಾವಾಸ್ಯೆಗೆ ಅಜ್ಜಿ ಒರಟು ಬಟ್ಟೆಗೆ ಬೂದಿ ಹಚ್ಚಿ ನನ್ನ ನಾಲಿಗೆಯನ್ನು ಉಜ್ಜುತ್ತಿದ್ದಳು. ಮಚ್ಚೆ ಮಾಸಲಿಲ್ಲ. ಎರಡು ದಿನ ಊಟದ ಖಾರ ಉರಿಯುತ್ತಿತ್ತು, ಅಷ್ಟೇ. ಮನೆಯಿಂದ ಯಾರೇ ದೂರ ಹೊರಟರೂ ನಾನು ಹಿತ್ತಲಿಗೆ ಹೋಗಿ, ಬಾಯಿ ತುಂಬ ನೀರು ತುಂಬಿಕೊಂಡು, ಕಾರು ಓಣಿಯ ತಿರುವು ದಾಟುವ ತನಕ ನಿಲ್ಲಬೇಕು ಎಂಬ ಕಟ್ಟಳೆಯನ್ನು ಅವಳೇ ಹಾಕಿದಳು. ನುಂಗುವಂತಿಲ್ಲ, ಉಗುಳುವಂತಿಲ್ಲ. ನೀರಿನ ತಂಬಿಗೆ ತಂದು ಕೊಡುತ್ತಿದ್ದವಳು ನನ್ನ ಅವ್ವ. ಚಳಿಗಾಲದಲ್ಲಿ ಹಲ್ಲು ಜುಮ್ಮೆನ್ನಬಾರದೆಂದು ಒಲೆಯ ಮೇಲಿಟ್ಟು ಬೆಚ್ಚಗೆ ಮಾಡಿ ಕೊಡುತ್ತಿದ್ದಳು. ಇದನ್ನು ಪ್ರೀತಿ ಎಂದು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿ, ಬರೆಯದೆ ಬಿಟ್ಟಿದ್ದೇನೆ. ಬಾಯಿ ತುಂಬ ನೀರು ಹಿಡಿದು ನಿಂತವಳಿಗೆ ಕಿವಿ ಮಾತ್ರ ತೆರೆದಿರುತ್ತದೆ. ಒಳಗೆ ಕಾರು ಶುರುವಾಗುವುದು, ಕ್ಲಚ್ಚು ಬಿಟ್ಟಾಗ ಕೆಳಗೆ ಟಣಕ್ಕೆನ್ನುವುದು, ಸೈಲೆನ್ಸರಿನ ಬಾಯಿ ಬಿರಿದು ಭರಭರ ಎನ್ನುವುದು ಎಲ್ಲವೂ ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಕೇಳಿದ್ದನ್ನೆಲ್ಲ ಆ ನೀರಿನ ಹಿಂದೆ ಇಟ್ಟುಕೊಂಡು ನಿಲ್ಲುತ್ತಿದ್ದೆ.

ಕಾರು ರಿಪೇರಿಯಾಗಿ ಮರಳಿ ಬಂದ ಮೇಲೆ ಅಪ್ಪನಿಗೆ ನನ್ನ ಕಿವಿ ಬೇಕಾಯಿತು. ಅದರ ಸಂಗತಿ ಅಜ್ಜಿಯ ಜೊತೆ ಅವನು ಏನು ಮಾತನಾಡಿಕೊಂಡನೋ ತಿಳಿಯದು. ಒಂದು ಬೆಳಗ್ಗೆ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ನ್ಯಾಮತಿ ಕಡೆಗೆ ಹೊರಟ. ಊರು ದಾಟಿದ ಮೇಲೆ ಹೇಳಿದ.

"ಬಾಯಾಗೆ ಏನೂ ಅನ್ನಬ್ಯಾಡ ಮಗಾ. ಸದ್ದು ಎಲ್ಲಿ ಬರ್ತೈತೋ ಕೈಯಾಗೆ ಬಡಿದು ತೋರ್ಸು. ಕೈಗೆ ದೋಷ ಇಲ್ಲ ಅಂದೈತೆ ಅಜ್ಜಿ."

ಹೀಗೆ ನಮ್ಮದೊಂದು ಪದ್ಧತಿ ಹುಟ್ಟಿತು. ಸದ್ದು ಇಂಜಿನಿನದಾದರೆ ಮುಂದಿನ ಗಾಜಿಗೆ ಬೆರಳು ಬಡಿಯುವುದು, ಗಾಲಿಯದಾದರೆ ಬಾಗಿಲಿಗೆ, ತಳದ್ದಾದರೆ ಕಾಲಿನಿಂದ. ಸದ್ದಿನ ಲಯಕ್ಕೆ ಸರಿಯಾಗಿ ಬಡಿಯಬೇಕು; ಅಪ್ಪ ನನ್ನ ಬೆರಳನ್ನು ಓರೆಗಣ್ಣಿನಿಂದ ನೋಡುತ್ತ ಓಡಿಸುತ್ತಿದ್ದ. ಸವಳಂಗದ ಹತ್ತಿರದ ಇಳಿಜಾರಿಗೆ ಬಂದಾಗ ಗೇರು ತೆಗೆದು ಕಾರನ್ನು ಹಾಗೇ ಜಾರಲು ಬಿಡುತ್ತಿದ್ದ. ಇಂಜಿನಿನ ವೇಗ ಇಳಿದಾಗಲೂ ನನ್ನ ಬೆರಳು ಅದೇ ಲಯದಲ್ಲಿ ಬಡಿಯುತ್ತಿದ್ದರೆ ದೋಷ ಗಾಲಿಯ ಕಡೆಯದು. ಬೆರಳು ನಿಂತರೆ ಇಂಜಿನಿನ ಕಡೆಯದು. ರಸ್ತೆ ಬಲಕ್ಕೆ ತಿರುಗುವಾಗ ಹೆಚ್ಚಾಯಿತೋ ಎಡಕ್ಕೆ ತಿರುಗುವಾಗ ಹೆಚ್ಚಾಯಿತೋ ಎಂದು ಕಣ್ಣಲ್ಲೇ ಕೇಳುತ್ತಿದ್ದ. ಅಪ್ಪ ನನಗೆ ಕಲಿಸಿದ್ದು ಇಷ್ಟು. ಈ ವಿದ್ಯೆ ನಿಜವಾಗಿಯೂ ವಿದ್ಯೆಯೇ ಎಂದು ಒಪ್ಪಿಕೊಂಡವನು ಅವನೊಬ್ಬನೇ, ಅದೂ ಊರ ಹೊರಗೆ ಮಾತ್ರ. ಊರೊಳಗೆ ಬಂದ ಕೂಡಲೇ ನಾನು ಮತ್ತೆ ಕರಿನಾಲಿಗೆಯವಳು.

ವರ್ಷಗಟ್ಟಲೆ ಆ ಕಾರು ನನ್ನ ಬೆರಳಿನ ಮೇಲೆ ಓಡಿತು. ಮದುವೆಯ ದಿಬ್ಬಣಗಳು, ಹೆರಿಗೆ ನೋವಿನವರು, ಕೋರ್ಟಿಗೆ ಹೋಗುವವರು ಕ್ಷೇಮವಾಗಿ ಹೋಗಿ ಬಂದರು. ದೊಡ್ಡಪ್ಪನ ಕಾರು ದಾರಿಯಲ್ಲಿ ಕೈಕೊಡುವುದಿಲ್ಲ ಎಂಬ ಹೆಸರು ಬಂತು. ಆ ಹೆಸರನ್ನು ದೊಡ್ಡಪ್ಪ ತಮ್ಮ ಬಿಳಿ ಅಂಗಿಯ ಮೇಲೆ ಧರಿಸಿಕೊಂಡು ಓಡಾಡಿದರು. ಆದರೆ ಆ ಮನೆಯ ಮದುವೆಯೊಂದಕ್ಕೂ ನನ್ನನ್ನು ಆ ಕಾರಿನಲ್ಲಿ ಕರೆದೊಯ್ಯಲಿಲ್ಲ. ಬಸ್ಸಿನಲ್ಲಿ ಹಿಂದಿನಿಂದ ಹೋಗುತ್ತಿದ್ದೆ. ಮುಂದೆ ನ್ಯಾಮತಿಯಿಂದ ನನ್ನನ್ನು ನೋಡಲು ಬಂದವರ ಎದುರು ದೊಡ್ಡವ್ವ, ಆಮೇಲೆ ನಮ್ಮ ಮೇಲೆ ಮಾತು ಬರಬಾರದೆಂದು, ನಾಲಿಗೆಯ ಸಂಗತಿಯನ್ನು ತಾನಾಗಿಯೇ ಹೇಳಿದಳು. ಅವರು ಅವಲಕ್ಕಿ ಮುಗಿಸಿ ಎದ್ದು ಹೋದರು. ಇನ್ನೊಮ್ಮೆಯೂ ಹಾಗೆಯೇ ಆಯಿತು. ನಾನು ಓದಿ, ಶಾಲೆಯಲ್ಲಿ ಪಾಠ ಹೇಳುವ ಕೆಲಸ ಹಿಡಿದು, ಚನ್ನಗಿರಿಯಲ್ಲಿ ಒಂಟಿಯಾಗಿ ಮನೆ ಮಾಡಿದೆ. ಇಡೀ ಜೀವನ ಬಾಯಿಯಿಂದಲೇ ದುಡಿದು ತಿಂದೆ. ಹಬ್ಬಕ್ಕೆಂದು ಹೊನ್ನಾಳಿಗೆ ಹೋದಾಗ, ಯಾರಾದರೂ ಹೊರಡುವ ಹೊತ್ತಿಗೆ ಮಾತು ತಾನಾಗಿ ನಿಲ್ಲುತ್ತಿತ್ತು. ಎಲ್ಲರೂ ನಾನು ಹಿತ್ತಲಿಗೆ ಹೋಗುವುದನ್ನು ಕಾಯುತ್ತಿದ್ದರು. ಒಂದು ಹಬ್ಬದಲ್ಲಿ ನಾನು ಏಳಲಿಲ್ಲ. ಹೊರಡುವವರು ಚಪ್ಪಲಿ ಬಿಚ್ಚಿ ಒಳಗೆ ಬಂದು ಕುಳಿತರು. ಆಮೇಲೆ ನಾನು ಆ ಮನೆಗೆ ಹೋಗುವುದನ್ನು ಬಿಟ್ಟೆ.

ಗಿರಿಜತ್ತೆ ಮಾತ್ರ ಪ್ರತಿ ಹಬ್ಬಕ್ಕೂ ಅಲ್ಲಿಗೆ ಬರುತ್ತಿದ್ದರು. ಎಡಗಾಲು ಎಳೆದುಕೊಂಡೇ ಬರುತ್ತಿದ್ದರು. ಅವರಿಗೆ ಸೀರೆ, ಬಳೆ, ಮಡಿಲಕ್ಕಿ ಎಂದೂ ತಪ್ಪಲಿಲ್ಲ. ಅವರು ನನ್ನನ್ನು ಒಂದು ದಿನವೂ ಬೈದವರಲ್ಲ. ಬೈಯದೆ ಇದ್ದದ್ದೇ ಕ್ಷಮೆ ಎಂದು ಬಹಳ ಕಾಲ ತಿಳಿದುಕೊಂಡಿದ್ದೆ. ಈಗ ಅವರಿಗೆ ಎಂಬತ್ತು ದಾಟಿದೆ. ಅಂದು ಕಾರಿನಲ್ಲಿದ್ದ ಕೂಸು ಬಸವರಾಜ, ಈಗ ಅರವತ್ತರ ಹತ್ತಿರದವನು, ಚನ್ನಗಿರಿಯಲ್ಲೇ ಮನೆ ಕಟ್ಟಿ ತಾಯಿಯನ್ನು ಇಟ್ಟುಕೊಂಡಿದ್ದಾನೆ. ನಾನು ಅವನಿಗೆ ಸೋದರಮಾವನ ಮಗಳು, ವಯಸ್ಸಿನಲ್ಲಿ ಹಿರಿಯಳು. ಆದ್ದರಿಂದ ನನ್ನನ್ನು ಅತ್ತಿಗೆ ಎನ್ನುತ್ತಾನೆ. ಮೊನ್ನೆ ಅವನೇ ನನ್ನ ಮನೆಗೆ ಬಂದ. ಹೊಸ ಕಾರು ಗುಂಯ್ ಎನ್ನುತ್ತದೆಯಂತೆ. ಎರಡು ಕಡೆ ತೋರಿಸಿದ್ದಾನೆ. ಟೈರು ಬದಲಿಸಿದ್ದಾರೆ, ಸದ್ದು ಹೋಗಿಲ್ಲ. ಮೊಮ್ಮಗುವಿನ ನಾಮಕರಣಕ್ಕೆ ಮನೆಯವರನ್ನೆಲ್ಲ ಕೂರಿಸಿಕೊಂಡು ಸೊಕ್ಕೆಗೆ ಹೋಗಬೇಕು. ನೀವೊಂದು ಸಲ ಕೂತು ಕೇಳಬೇಕು ಎಂದ. ಹೋದೆ. ಊರ ಹೊರಗಿನ ರಸ್ತೆಗೆ ಬಂದ ಮೇಲೆ ಅವನು ನಗುತ್ತಲೇ ಹೇಳಿದ.

"ಬಾಯಾಗೆ ಹೇಳಬ್ಯಾಡ್ರಿ ಅತ್ತಿಗೆ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮಾವ ಇದ್ದಾಗ ಮಾಡ್ತಿದ್ರಂತಲ್ಲ, ಹಂಗೆ ಕೈಯಾಗೆ ತೋರ್ಸಿಬಿಡ್ರಿ."

ನನಗೆ ಸಿಟ್ಟು ಬಂದಿತು ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ಅನ್ನಿಸಲಿಲ್ಲ. ಗೇರು ತೆಗೆದು ಜಾರಲು ಬಿಡು ಎಂದೆ. ಸದ್ದು ಉಳಿಯಿತು. ಬಲಕ್ಕೆ ತಿರುಗಿಸು, ಎಡಕ್ಕೆ ತಿರುಗಿಸು ಎಂದೆ. ಕಾರು ನಿಲ್ಲಿಸಲು ಹೇಳಿ, ಕೈಗಳೆರಡನ್ನೂ ಮಡಿಲಲ್ಲಿ ಇಟ್ಟುಕೊಂಡು, ಅವನ ಮುಖ ನೋಡಿಕೊಂಡು ಹೇಳಿದೆ.

"ಮುಂದಿನ ಎಡಗಾಲಿ ಬೇರಿಂಗು ಹೋಗೈತೆ ಬಸವರಾಜ. ಬಲಕ್ಕೆ ತಿರುಗಿಸ್ದಾಗ ಸದ್ದು ಏರ್ತೈತೆ, ಎಡಕ್ಕೆ ತಿರುಗಿಸ್ದಾಗ ಇಳೀತೈತೆ. ಬಿಚ್ಚಿಸಿ ಬದಲಿಸು. ಹಂಗೇ ಓಡಿಸಿದ್ರೆ ಒಂದಿನ ಗಾಲಿ ಹಿಡ್ಕಂತೈತೆ."

ಅವನ ಮುಖದ ನಗು ಇಳಿಯಿತು. ಕಾರನ್ನು ಮನೆಯ ಕಡೆ ತಿರುಗಿಸಿದ. ಮನೆಯ ಬಾಗಿಲಲ್ಲಿ ಅವನು ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದ; ಅವಳು ಒಳಗೆ ಹೋಗಿ ಉಪ್ಪು, ಮೆಣಸಿನಕಾಯಿ ತಂದು ನನ್ನ ಕಣ್ಣೆದುರಿಗೇ ಕಾರಿಗೆ ನಿವಾಳಿಸಿದಳು. ಆಮೇಲೆ ಬಸವರಾಜ ಅದೇ ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋದ. ನಾನು ಒಳಗೆ ಹೋಗಿ ಗಿರಿಜತ್ತೆಯ ಮಂಚದ ಬಳಿ ಕುಳಿತೆ. ನಡೆದದ್ದು ಅವರ ಕಿವಿಗೂ ಬಿದ್ದಿತ್ತು.

"ಬಾಯಾಗೆ ಯಾಕೆ ಅಂದ್ಯೇ ಕಮಲಾ? ಮನಿಯಾಗೆ ಸಣ್ಣ ಮಕ್ಕಳದಾವೆ. ಅವು ಹೆದರ್ತಾವೆ."

"ನೀವೂ ಹೆದರ್ತೀರೇನತ್ತೆ? ನಾನು ಅಂದಿದ್ದಕ್ಕೇ ಗಾಲಿ ಬಿತ್ತು ಅಂತ ನೀವೂ ನಂಬೀರಾ?"

ಅವರು ಹೊದಿಕೆಯ ಅಂಚನ್ನು ಸರಿ ಮಾಡಿಕೊಂಡರು. ಎಂದೋ ಹೇಳಿ ಮುಗಿಸಿದ ಸಂಗತಿಯನ್ನು ಮತ್ತೊಮ್ಮೆ ಹೇಳುವವರ ಹಾಗೆ, ದನಿ ಏರಿಸದೆ ಇಳಿಸದೆ ಹೇಳಿದರು.

"ನಾನೆಲ್ಲಿ ನಂಬೀನಿ. ನಿಮ್ಮಪ್ಪ ಗಾಲಿ ಹುಡುಕಾಕೆ ಹೋದಾಗ ಆ ಹೊಳೆಯೋ ತಟ್ಟೆ ಹೊಲದಾಗೆ ಸಿಕ್ತಂತೆ. ಅದರೊಳಗೆ ನಟ್ಟು ಇದ್ವು. ಸವೆದಿಲ್ಲ, ಮುರಿದಿಲ್ಲ, ಹಂಗೇ ಇದ್ವು. ಆಸ್ಪತ್ರೆಗೆ ತಂದು ನನಗೆ ತೋರ್ಸಿದ. ಅಣ್ಣ ಬಿಗಿ ಮಾಡೇ ಇಲ್ಲ ಗಿರಿಜಾ ಅಂದ. ಮಗು ಹೇಳಿದ್ದು ಖರೆ ಅಂದ."

"ದೊಡ್ಡಪ್ಪಗೆ ಗೊತ್ತಿತ್ತಾ?"

"ಅವನಿಗೂ ತೋರ್ಸಿದ್ದ."

ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ನನ್ನ ಕಡೆ ನೋಡಿದರು. ಇದೂ ಒಂದು ಪ್ರಶ್ನೆಯೇ ಎನ್ನುವಂತಿತ್ತು ಆ ನೋಟ.

"ಹೆಂಗೆ ಹೇಳಾಕಾಗ್ತೈತೆ? ಕಾಲು ಮುರಿದವಳು ನಾನು. ಗಂಡನ ಮನೇಲಿ ಇಟ್ಕಂತಾರೋ ಬಿಡ್ತಾರೋ ಗೊತ್ತಿರಲಿಲ್ಲ. ದೊಡ್ಡಣ್ಣನ ಮ್ಯಾಲೆ ಮಾತು ತಂದು ತವರು ಕಳ್ಕಳ್ಳಾಕೆ ಆಗ್ತಿತ್ತೇನೇ? ನಿನ್ನ ಮ್ಯಾಲೆ ಮಾತು ಬಂದ ಮ್ಯಾಲೆ ನಿಮ್ಮಪ್ಪ ಮತ್ತೆ ಆಸ್ಪತ್ರೆಗೆ ಬಂದಿದ್ದ, ಅವನೂ ಅದನ್ನೇ ಅಂದ. ನೀನು ಸಣ್ಣೋಳು, ಮರೀತೀಯ ಅಂದ."

ಒಳಗಿನಿಂದ ಬಸವರಾಜನ ಹೆಂಡತಿ ಚಹಾ ತಂದಳು. ಕುಡಿದೆ. ಸಂಜೆ ಬಸವರಾಜ ಗ್ಯಾರೇಜಿನಿಂದ ಬಂದು, ಮುಂದಿನ ಎಡಗಾಲಿಯ ಬೇರಿಂಗು ಹೊಸದು ಹಾಕಿಸಿದೆ, ಸದ್ದು ಹೋಯಿತು ಎಂದು ಹೆಂಡತಿಗೆ ಹೇಳಿದ. ನಾನು ಅಲ್ಲೇ ಕುಳಿತಿದ್ದೆ. ನನಗೆ ಹೇಳಲಿಲ್ಲ. ಮುಂದಿನ ವಾರ ಅವರೆಲ್ಲ ಅದೇ ಕಾರಿನಲ್ಲಿ ಸೊಕ್ಕೆಗೆ ಹೋಗಿ ನಾಮಕರಣ ಮುಗಿಸಿ ಬಂದರು. ಕಾರಿನಲ್ಲಿ ಜಾಗ ಸಾಲಲಿಲ್ಲ ಎಂದು ಆಮೇಲೆ ತಿಳಿಸಿದರು.

ದೊಡ್ಡಪ್ಪ, ಅಜ್ಜಿ, ಅಪ್ಪ, ಅವ್ವ ಯಾರೂ ಈಗಿಲ್ಲ. ಅವರನ್ನು ಕೇಳಿ ಉತ್ತರ ಪಡೆಯಲಾರೆ. ಉಳಿದಿರುವವರು ನೀವೊಬ್ಬರೇ, ಗಿರಿಜತ್ತೆ. ನಿಮ್ಮ ಕಾಲು ಮುರಿದದ್ದಕ್ಕೆ ನನಗೆ ಅಂದೂ ನೋವಿತ್ತು, ಇಂದೂ ಇದೆ. ಗಂಡನ ಮನೆಯಲ್ಲಿ ನಿಲ್ಲಲು ತವರಿನ ಆಸರೆ ನಿಮಗೆ ಬೇಕಿತ್ತು ಎನ್ನುವುದನ್ನೂ ಒಪ್ಪುತ್ತೇನೆ. ನಿಮಗೆ ಅದು ಉಳಿಯಿತು. ಸೀರೆ ಉಟ್ಟು ಬಂದಿರಿ, ಮಡಿಲು ತುಂಬಿಸಿಕೊಂಡು ಹೋದಿರಿ. ಆ ಮನೆ ನನಗೂ ತವರಾಗಿತ್ತು. ದಾವಣಗೆರೆಯ ಆ ಆಸ್ಪತ್ರೆಯಲ್ಲಿ ನಟ್ಟುಗಳನ್ನು ಕಣ್ಣಾರೆ ನೋಡಿ, ಅಂಗೈಯಲ್ಲಿ ಹಿಡಿದು, ನಿಮ್ಮ ತವರಿಗೆ ಬದಲಾಗಿ ನನ್ನದನ್ನು ಕೊಡಬಹುದೆಂದು ನೀವಿಬ್ಬರೂ ತೀರ್ಮಾನಿಸಿದಿರಲ್ಲ, ಎಂಟು ವರ್ಷದ ಹುಡುಗಿಗೆ ಮುಂದೆಂದೂ ತವರು ಬೇಕಾಗುವುದಿಲ್ಲ ಎಂದು ನಿಮಗೆ ಹೇಳಿದವರು ಯಾರು?